ಹಾಡುವವರಿಲ್ಲದ ಆಲ್ಬಂ, ವಿಶೇಷಣಗಳು ತುಂಬಿದ ಲೇಖನ

ಪ್ರಿಯ ಲೇಖಕರೇ,

ಜರ್ಮನಿಯ ಹಾರ್ಮೋನಿಯಾ ತಂಡದ ಮೊದಲ ಆಲ್ಬಂ ‘ಮುಜೀಕ್ ಫೊನ್ ಹಾರ್ಮೋನಿಯಾ’ ಕುರಿತು ನೀವು ಕಳುಹಿಸಿದ ಲೇಖನವನ್ನು ಎರಡು ಸಲ ಓದಿದೆ. ಆ ಎರಡು ಓದುಗಳ ನಡುವೆ ಆಲ್ಬಮನ್ನೂ ಮೊದಲಿನಿಂದ ಕೊನೆಯವರೆಗೆ ಮತ್ತೊಮ್ಮೆ ಕೇಳಿದೆ. ಈಗಿರುವ ರೂಪದಲ್ಲಿ ಲೇಖನವನ್ನು ಪ್ರಕಟಿಸಲಾಗುವುದಿಲ್ಲ. ಆದರೆ ವಿಷಾದ ಸೂಚಿಸುವ ಒಂದು ಸಾಲಿನ ಉತ್ತರ ಬರೆದು ಸುಮ್ಮನಾಗಲು ಮನಸ್ಸು ಒಪ್ಪಲಿಲ್ಲ, ಏಕೆಂದರೆ ನಿಮ್ಮ ಹನ್ನೊಂದು ಪುಟಗಳ ಪೈಕಿ ಏಳನೆಯ ಪುಟದ ಕೆಳಭಾಗದಲ್ಲಿ ನಿಜವಾದ ಲೇಖನವೊಂದು ಅಡಗಿ ಕುಳಿತಿದೆ, ಮತ್ತು ಅದು ಅಲ್ಲಿರುವುದು ನಿಮಗೇ ಗೊತ್ತಿದ್ದಂತಿಲ್ಲ.

ಅಲ್ಲಿ ನೀವು ಹೇಳುವುದು ಇಷ್ಟು: ಒಂದು ಸಂಜೆ ಮನೆಯಲ್ಲಿ ಈ ಆಲ್ಬಮಿನ ಮೊದಲ ರಚನೆಯಾದ ‘ವಾಟುಸಿ’ಯನ್ನು ಹಾಕಿದ್ದಾಗ, ಅಡುಗೆಮನೆಯಲ್ಲಿದ್ದ ನಿಮ್ಮ ತಾಯಿಯವರು ಐದು ನಿಮಿಷ ಸುಮ್ಮನಿದ್ದು, ಹಾಡುವವರು ಯಾವಾಗ ಬರುತ್ತಾರೆಂದು ಕೇಳಿದರು. ಇದನ್ನು ನೀವು ನಗೆಯ ಪ್ರಸಂಗವೆಂಬಂತೆ ಎರಡು ವಾಕ್ಯಗಳಲ್ಲಿ ಮುಗಿಸಿ, ಮರುಕ್ಷಣವೇ ‘ಅಲೌಕಿಕ ನಾದಲೋಕ’ಕ್ಕೆ ಹಾರಿದ್ದೀರಿ. ನನ್ನ ಅಭಿಪ್ರಾಯದಲ್ಲಿ ಇಡೀ ಲೇಖನದಲ್ಲಿ ಸಂಗೀತದ ಬಗ್ಗೆ ಬಂದಿರುವ ಅತ್ಯಂತ ಗಂಭೀರವಾದ ಮಾತು ತಾಯಿಯವರದೇ. ಕನ್ನಡದ ಕೇಳುಗರು ಮಾತಿನ ಮೂಲಕ ಸಂಗೀತಕ್ಕೆ ಬಂದವರು. ಸುಗಮ ಸಂಗೀತ, ಸಿನಿಮಾ ಹಾಡು, ದಾಸರ ಪದ, ವಚನ ಗಾಯನ, ಇವುಗಳಲ್ಲಿ ಸಾಹಿತ್ಯವಿರುವುದಂತೂ ಸರಿಯೇ. ವೀಣೆ, ಕೊಳಲು, ಪಿಟೀಲುಗಳ ಕರ್ನಾಟಕ ಸಂಗೀತ ಕಚೇರಿಯಲ್ಲಿ ಕೂಡ ನುಡಿಸುವುದು ಬಹುಮಟ್ಟಿಗೆ ಹಾಡಲೆಂದು ರಚಿಸಿದ ಕೃತಿಗಳನ್ನೇ, ಹಾಗಾಗಿ ಕೃತಿಯನ್ನು ಬಲ್ಲ ಕೇಳುಗರು ಪಲ್ಲವಿಯ ಪದಗಳನ್ನು ಮನಸ್ಸಿನಲ್ಲೇ ಹಾಡಿಕೊಳ್ಳುತ್ತಾರೆ. ಹಿಂದೆಯೂ ಪದವಿಲ್ಲದ, ಮುಂದೆಯೂ ಪದ ಬಾರದ ಸಂಗೀತವನ್ನು ಅಂಥ ಕಿವಿಗಳು ಹೇಗೆ ಕೇಳಬೇಕು? ನಿಮ್ಮ ಲೇಖನ ಉತ್ತರಿಸಬೇಕಾದ ಪ್ರಶ್ನೆ ಇದು. ನೀವು ಉತ್ತರಿಸುವ ಬದಲು ಪದಗಳಿಲ್ಲದ ಕಡೆ ನಿಮ್ಮ ಪದಗಳನ್ನೇ ತುಂಬಿದ್ದೀರಿ.

ಆ ಪದಗಳ ವಿಷಯಕ್ಕೆ ಬರುತ್ತೇನೆ. ‘ಮಂತ್ರಮುಗ್ಧ’ ಆರು ಸಲ, ‘ಅಲೌಕಿಕ’ ನಾಲ್ಕು ಸಲ, ‘ಧ್ಯಾನಸ್ಥ’ ಐದು ಸಲ ಬಂದಿವೆ. ಪೆನ್ಸಿಲ್ ಹಿಡಿದು ಎಣಿಸಿದ್ದೇನೆ, ಕ್ಷಮಿಸಿ. ‘ಈ ಆಲ್ಬಂ ನಮ್ಮನ್ನು ಒಂದು ಪಯಣಕ್ಕೆ ಕರೆದೊಯ್ಯುತ್ತದೆ’ ಎಂಬ ವಾಕ್ಯವನ್ನು ಜಗತ್ತಿನ ಯಾವ ಆಲ್ಬಮಿನ ಮೇಲಾದರೂ ಅಂಟಿಸಬಹುದು, ಮತ್ತು ನಮ್ಮ ಸಾರಿಗೆ ಸಂಸ್ಥೆಯ ಬಸ್ಸುಗಳ ಮೇಲೆ ಬರೆದರೆ ಅದು ಇನ್ನೂ ಹೆಚ್ಚು ಸತ್ಯವಾಗಿರುತ್ತದೆ. ಇಂಥ ಮಾತುಗಳು ತಪ್ಪಲ್ಲ. ಅವು ಕೇಳುವಿಕೆಯ ಫಲವೇ ಹೊರತು ಕೇಳಿದ್ದರ ವಿವರಣೆಯಲ್ಲ. ಮಂತ್ರಮುಗ್ಧರಾದಿರೆಂದು ನಂಬುತ್ತೇನೆ, ಆದರೆ ಏನು ಕೇಳಿ ಆದಿರೆಂಬುದು ನನಗಿನ್ನೂ ತಿಳಿದಿಲ್ಲ.

‘ವಾಟುಸಿ’ಯನ್ನೇ ತೆಗೆದುಕೊಳ್ಳೋಣ. ಸುಮಾರು ಆರು ನಿಮಿಷಗಳ ಈ ರಚನೆಯಲ್ಲಿ ಡ್ರಮ್ ಮಶೀನಿನ ಜೊತೆಗೆ ಕೀಬೋರ್ಡಿನ ಒಂದು ಸಣ್ಣ ಸ್ವರಮಾಲೆ ಸುತ್ತುತ್ತಲೇ ಇರುತ್ತದೆ. ಪಲ್ಲವಿ ಇಲ್ಲ, ಚರಣವಿಲ್ಲ, ಗಿಟಾರು ಎದ್ದುನಿಂತು ತನ್ನ ಕೈಚಳಕ ತೋರಿಸುವ ಘಟ್ಟವೂ ಇಲ್ಲ. ಸ್ವರಮಾಲೆ ಬದಲಾಗದೆ ಇರುವಾಗ ಅದರ ಸುತ್ತಲಿನ ನಾದದ ಬಣ್ಣ ಬದಲಾಗುತ್ತದೆ. ಒಂದು ಪದರ ಬಂದು ಸೇರಿದ್ದು ಅದು ಬಂದಾಗ ತಿಳಿಯುವುದಿಲ್ಲ, ಬಂದು ಸ್ವಲ್ಪ ಹೊತ್ತಾದ ಮೇಲೆ, ಅಂಗಳದಲ್ಲಿ ಬಿಸಿಲು ಸರಿದದ್ದು ತಿಳಿಯುವ ಹಾಗೆ ತಿಳಿಯುತ್ತದೆ. ಈ ಹೋಲಿಕೆ ನಿಮಗೆ ಹಿಡಿಸದಿದ್ದರೆ ಬಿಡಿ, ನಿಮ್ಮದೇ ಒಂದನ್ನು ಹುಡುಕಿ. ಆದರೆ ಅದು ಆ ಆರು ನಿಮಿಷಗಳಿಗೆ ಮಾತ್ರ ಒಗ್ಗುವಂತಿರಲಿ. ಕೈಗಡಿಯಾರ ಮುಂದಿಟ್ಟುಕೊಂಡು ಎರಡನೆಯ ನಿಮಿಷದಲ್ಲಿ ಏನಿತ್ತು, ನಾಲ್ಕನೆಯದರಲ್ಲಿ ಏನು ಇಲ್ಲವಾಯಿತು ಎಂದು ಗುರುತು ಹಾಕಿಕೊಂಡು ಕೇಳುವುದು ರಸಭಂಗವೆಂದು ನಿಮಗೆ ಅನ್ನಿಸಬಹುದು. ಹಾಡಿನ ವಿಮರ್ಶಕನಿಗೆ ಉದ್ಧರಿಸಲು ಸಾಲುಗಳಿರುತ್ತವೆ. ವಾದ್ಯಸಂಗೀತದ ವಿಮರ್ಶಕನಿಗೆ ಆ ಗುರುತುಗಳೇ ಸಾಲುಗಳು.

ಇನ್ನು ಮೊದಲ ಮೂರು ಪುಟಗಳ ಇತಿಹಾಸ. ಹಾನ್ಸ್ ಯೋಆಖಿಮ್ ರೊಡೇಲಿಯುಸ್ ಮತ್ತು ಡೀಟರ್ ಮೋಬಿಯುಸ್ ಇಬ್ಬರೂ ಬರ್ಲಿನ್ನಿನಲ್ಲಿ ಆರಂಭಿಸಿದ ಕ್ಲಸ್ಟರ್ ತಂಡ, ಡ್ಯುಸೆಲ್‌ಡಾರ್ಫಿನಲ್ಲಿ ಮಿಖಾಯೆಲ್ ರೋಟರ್ ಮತ್ತು ಕ್ಲಾಸ್ ಡಿಂಗರ್ ಸೇರಿ ಕಟ್ಟಿದ ನೋಯ್ ತಂಡ, ಅದಕ್ಕೂ ಮುಂಚೆ ಆ ಇಬ್ಬರೂ ಕ್ರಾಫ್ಟ್‌ವೆರ್ಕ್ ತಂಡದಲ್ಲಿ ಕಳೆದ ಅಲ್ಪಕಾಲ, ಇವೆಲ್ಲವನ್ನೂ ವಂಶಾವಳಿಯಂತೆ ಒಪ್ಪಿಸಿದ್ದೀರಿ. ಇವು ನಿಜವೇ, ಆದರೆ ಓದುಗನಿಗೆ ಒಂದು ಸ್ವರವೂ ಕೇಳಿಸುವ ಮೊದಲೇ ಹದಿನಾಲ್ಕು ಹೆಸರುಗಳನ್ನು ನೆನಪಿಡಬೇಕಾದ ಪರಿಸ್ಥಿತಿ ಬರುತ್ತದೆ. ಜೊತೆಗೆ ಒಂದು ತಪ್ಪೂ ಇದೆ: ಈ ಆಲ್ಬಮನ್ನು ಬ್ರಿಟಿಷ್ ಸಂಗೀತಗಾರ ಬ್ರಯಾನ್ ಈನೋ ನಿರ್ಮಿಸಿದರೆಂದು ಬರೆದಿದ್ದೀರಿ. ಈನೋ ಈ ತಂಡವನ್ನು ಬಹಳ ಮೆಚ್ಚಿದ್ದರು ಮತ್ತು 1976ರಲ್ಲಿ ತಂಡದವರ ಮನೆಗೆ ಹೋಗಿ ಜೊತೆಯಲ್ಲಿ ನುಡಿಸಿ ಧ್ವನಿಮುದ್ರಿಸಿದ್ದರು. ಆ ಟೇಪುಗಳು ಆಲ್ಬಮಾಗಿ ಹೊರಬಂದದ್ದು 1997ರಲ್ಲಿ. ನೀವು ಬರೆಯುತ್ತಿರುವ ಆಲ್ಬಂ 1973ರಲ್ಲಿ ಧ್ವನಿಮುದ್ರಣವಾಗಿ 1974ರಲ್ಲಿ ಬ್ರೈನ್ ಕಂಪನಿಯಿಂದ ಬಂದಿತು, ಮತ್ತು ಅದರಲ್ಲಿ ಈನೋ ಪಾತ್ರ ಏನೂ ಇಲ್ಲ. ಹೆಸರುವಾಸಿಯಾದವರ ನೆರಳಿನಲ್ಲಿ ಅಪರಿಚಿತರನ್ನು ಪರಿಚಯಿಸುವ ಆತುರದಲ್ಲಿ ಇಂಥ ತಪ್ಪುಗಳಾಗುತ್ತವೆ.

ಇತಿಹಾಸದಲ್ಲಿ ನಿಮಗೆ ನಿಜಕ್ಕೂ ಬೇಕಾಗಿರುವುದು ಒಂದೇ ಸಂಗತಿ, ಅದನ್ನು ನೀವು ಅಡಿಟಿಪ್ಪಣಿಗೆ ತಳ್ಳಿದ್ದೀರಿ. ವೇಸರ್ ನದಿಯ ದಡದ ಫೋರ್ಸ್ಟ್ ಎಂಬ ಹಳ್ಳಿಯಲ್ಲಿ ಶತಮಾನಗಳಷ್ಟು ಹಳೆಯದಾದ ಒಂದು ಮನೆಯಿತ್ತು. ಕ್ಲಸ್ಟರ್ ಜೋಡಿ 1971ರಿಂದ ಅಲ್ಲಿ ವಾಸವಾಗಿತ್ತು. 1973ರಲ್ಲಿ ರೋಟರ್, ನೋಯ್ ತಂಡದ ಪ್ರವಾಸಕ್ಕೆ ಸಂಗಾತಿಗಳನ್ನು ಹುಡುಕುತ್ತ ಗಿಟಾರು ಹಿಡಿದು ಅಲ್ಲಿಗೆ ಹೋದರು. ಹೋದವರು ಅಲ್ಲೇ ಉಳಿದರು, ಆ ಮೂವರೇ ಹಾರ್ಮೋನಿಯಾ ಆದರು. ಗಂಟೆಗೆ ಬಾಡಿಗೆ ಕೊಡಬೇಕಾದ ನಗರದ ಸ್ಟುಡಿಯೋದಲ್ಲಿ ಅಲ್ಲ, ಈ ಮನೆಯಲ್ಲಿ, ಸಾಧಾರಣ ಟೇಪ್ ರೆಕಾರ್ಡರುಗಳು ಮತ್ತು ಒಂದು ಸಣ್ಣ ಮಿಕ್ಸರಿನಿಂದ ಆಲ್ಬಂ ತಯಾರಾಯಿತು. ಕೊನೆಯ ರಚನೆಯ ಹೆಸರು ‘ಹೌಸ್‌ಮುಜೀಕ್’, ಅಂದರೆ ಮನೆಸಂಗೀತ. ಜರ್ಮನ್ ಮಧ್ಯಮವರ್ಗದ ಮನೆಗಳಲ್ಲಿ ಕುಟುಂಬದವರೂ ಗೆಳೆಯರೂ ಪಿಯಾನೋ ಸುತ್ತ ಕುಳಿತು, ಸಭಿಕರಿಲ್ಲದೆ, ತಮಗಾಗಿಯೇ ನುಡಿಸಿಕೊಳ್ಳುತ್ತಿದ್ದ ಹಳೆಯ ರೂಢಿಗೆ ಆ ಹೆಸರಿದೆ. ಸಿಂಥಸೈಜರ್, ಡ್ರಮ್ ಮಶೀನುಗಳನ್ನು ಇಟ್ಟುಕೊಂಡ ಮೂವರು ಗಂಡಸರು ಆ ಹೆಸರನ್ನು ಎತ್ತಿಕೊಂಡದ್ದರಲ್ಲಿ ತುಂಟತನವೂ ಇದೆ, ಸ್ವಲ್ಪ ಪ್ರೀತಿಯೂ ಇದೆ ಎಂದು ನನಗೆ ತೋರುತ್ತದೆ. ಒಂದು ಮನೆಯಲ್ಲಿ ಹುಟ್ಟಿದ ಮನೆಸಂಗೀತವು ಐವತ್ತು ವರ್ಷಗಳ ನಂತರ ನಿಮ್ಮ ಮನೆಯ ಅಡುಗೆಮನೆಯವರೆಗೆ ಬಂದಿದೆ. ಇಷ್ಟು ಸಾಮಗ್ರಿ ಕೈಯಲ್ಲಿದ್ದೂ ‘ಹೌಸ್‌ಮುಜೀಕ್’ಗೆ ನೀವು ಕೊಟ್ಟಿರುವುದು ‘ಆಲ್ಬಮಿಗೆ ಸೂಕ್ತ ಮುಕ್ತಾಯ’ ಎಂಬ ಮೂರು ಪದಗಳನ್ನು.

ನಾನು ಅತಿ ಹೆಚ್ಚು ತಕರಾರು ಎತ್ತುವ ಭಾಗ ‘ಜೇರ್ ಕೋಸ್ಮಿಶ್’ ಕುರಿತಾದದ್ದು. ಹನ್ನೊಂದು ನಿಮಿಷಗಳ ಈ ರಚನೆಗೆ ನೀವು ವಿಶ್ವರೂಪದರ್ಶನದ ಶ್ಲೋಕಗಳನ್ನು ಜೋಡಿಸಿ ಒಂದೂವರೆ ಪುಟ ಬರೆದಿದ್ದೀರಿ. ಆ ಹೆಸರಿನ ಅರ್ಥ ‘ಬಹಳ ಬ್ರಹ್ಮಾಂಡಮಯ’ ಎಂದಾಗುತ್ತದೆ. ಎಪ್ಪತ್ತರ ದಶಕದ ಆರಂಭದ ಜರ್ಮನಿಯಲ್ಲಿ ಇಂಥ ಸಂಗೀತವನ್ನೆಲ್ಲ ‘ಕೋಸ್ಮಿಶ್’ ಎಂದು ಕರೆಯುವ ಚಾಳಿ ಹಬ್ಬಿತ್ತು; ಆ ಹೊತ್ತಿನಲ್ಲಿ ಒಂದು ರಚನೆಗೆ ‘ಬಹಳ’ ಸೇರಿಸಿ ಹೆಸರಿಡುವವರು ಕಣ್ಣು ಮಿಟುಕಿಸುತ್ತಿದ್ದಾರೆಂದೇ ನಾನು ಓದಿಕೊಳ್ಳುತ್ತೇನೆ. ಈ ಓದನ್ನು ನೀವು ಒಪ್ಪಬೇಕಾಗಿಲ್ಲ, ಆದರೆ ಹೊದಿಕೆಯ ಚಿತ್ರವನ್ನಾದರೂ ಒಮ್ಮೆ ನೋಡಿ: ಅಲ್ಲಿರುವುದು ನಕ್ಷತ್ರಗಳಲ್ಲ, ನೀಹಾರಿಕೆಯಲ್ಲ, ಮನೆ ತೊಳೆಯುವ ದ್ರಾವಣದ ಒಂದು ಪ್ಲಾಸ್ಟಿಕ್ ಬಾಟಲಿ. ‘ಮುಜೀಕ್ ಫೊನ್ ಹಾರ್ಮೋನಿಯಾ’ ಎಂದರೆ ‘ಹಾರ್ಮೋನಿಯಾದವರ ಸಂಗೀತ’, ಅಂಗಡಿಯ ಸರಕಿಗೆ ತಯಾರಕರ ಹೆಸರು ಹಾಕುವಷ್ಟೇ ಸಪ್ಪೆಯಾದ ಶೀರ್ಷಿಕೆ. ಹನ್ನೊಂದು ಪುಟಗಳಲ್ಲಿ ಎಲ್ಲೂ ನೀವು ಈ ಬಾಟಲಿಯನ್ನು ಉಲ್ಲೇಖಿಸಿಲ್ಲ. ಉಲ್ಲೇಖಿಸಿದ್ದರೆ ವಿಶ್ವರೂಪದ ಒಂದೂವರೆ ಪುಟವನ್ನು ಬರೆಯಲು ಕೈ ಸ್ವಲ್ಪ ತಡೆಯುತ್ತಿತ್ತು. ಹಾಗೆಯೇ ‘ಓರ್‌ವುರ್ಮ್’. ಕಿವಿಗೆ ಅಂಟಿಕೊಂಡು ಬಿಡದ ರಾಗಕ್ಕೆ ಜರ್ಮನರು ಬಳಸುವ ಪದವದು. ರಚನೆಯಲ್ಲಾದರೋ ಗುನುಗಲು ಏನೂ ಸಿಗುವುದಿಲ್ಲ, ಎಲ್ಲವೂ ಮಬ್ಬು. ನೀವು ಅದನ್ನು ‘ಮಧುರವಾದ ಗೀತೆ’ ಎಂದಿದ್ದೀರಿ. ಹೆಸರನ್ನು ಓದಿ ಬರೆದಿರೋ, ಸಂಗೀತ ಕೇಳಿ ಬರೆದಿರೋ ಎಂಬ ಸಂದೇಹ ನನಗೆ ಇಲ್ಲಿ ಮೊದಲ ಬಾರಿ ಬಂದಿತು.

ರೋಟರ್ ಬಾಲ್ಯದ ಕೆಲವು ವರ್ಷಗಳನ್ನು ಕರಾಚಿಯಲ್ಲಿ ಕಳೆದರೆಂಬ ಸಂಗತಿಯನ್ನು ನೀವು ಕಂಡುಹಿಡಿದಿರುವುದು ಚೆನ್ನಾಗಿದೆ. ಅಲ್ಲಿ ಕೇಳಿದ, ಮೊದಲು ಕೊನೆಗಳಿಲ್ಲದಂತೆ ತೋರುವ ಸಂಗೀತ ತಮ್ಮ ಮನಸ್ಸಿನಲ್ಲಿ ಉಳಿಯಿತೆಂದು ಅವರೇ ಹೇಳಿಕೊಂಡಿದ್ದಾರೆ. ಅಲ್ಲಿಂದ ಹೊರಟು ‘ಹಾಗಾಗಿ ಈ ಆಲ್ಬಮಿನಲ್ಲಿ ನಮ್ಮ ರಾಗಸಂಗೀತವೇ ಇದೆ’ ಎಂದು ತಲುಪುವುದು ಮಾತ್ರ ಕಂದಕ ದಾಟುವ ಜಿಗಿತ. ನಮ್ಮ ತಾಳದ ಆವರ್ತದಲ್ಲಿ ಸಮ ಎಂಬುದೊಂದಿದೆ, ಆವರ್ತ ಶುರುವಾಗುವ ಪೆಟ್ಟು. ಕಲಾವಿದ ಎಷ್ಟೇ ದೂರ ಅಲೆದರೂ ಅಲ್ಲಿಗೆ ಬಂದು ಇಳಿಯಬೇಕು, ಇಳಿದಾಗ ಸಭೆ ತಲೆದೂಗುತ್ತದೆ. ಡ್ರಮ್ ಮಶೀನಿನ ಸುತ್ತುವಿಕೆಗೆ ಅಂಥ ನಿಲ್ದಾಣವಿಲ್ಲ, ಅದರ ಎದುರು ಲೆಕ್ಕಾಚಾರದ ಆಟವಾಡುವವರೂ ಇಲ್ಲ. ತಂಬೂರಿಗೆ ಹೋಲಿಸಿದ್ದೀರಿ, ಅದು ಇನ್ನಷ್ಟು ಹತ್ತಿರದ ಹೋಲಿಕೆ. ಆದರೆ ತಂಬೂರಿ ಬೇರೊಬ್ಬರ ಗಾಯನಕ್ಕೆ ನೆಲ ಹಾಸುತ್ತದೆ, ಇಲ್ಲಿ ಆ ನೆಲವೇ ಸಂಗೀತ. ಹೋಲಿಕೆ ಎಲ್ಲಿ ಮುರಿಯುತ್ತದೆ ಎಂಬುದನ್ನು ಬರೆದರೆ ಓದುಗನಿಗೆ ಎರಡೂ ಸಂಗೀತಗಳ ಬಗ್ಗೆ ತಿಳಿಯುತ್ತದೆ. ತಾಯಿಯವರ ಪ್ರಶ್ನೆಗೂ ಇಲ್ಲೇ ಅರ್ಧ ಉತ್ತರ ಸಿಕ್ಕೀತು.

‘ಕ್ರೌಟ್‌ರಾಕ್’ ಎಂಬ ಪದ ಲೇಖನದಲ್ಲಿ ಒಂಬತ್ತು ಕಡೆ ಇದೆ. ಅದು ಆ ಕಾಲದ ಇಂಥ ಜರ್ಮನ್ ಸಂಗೀತಕ್ಕೆ ಬ್ರಿಟಿಷ್ ಪತ್ರಿಕೆಗಳು ಚಲಾವಣೆಗೆ ತಂದ ಹೆಸರು, ಅದರ ಮೊದಲರ್ಧ ಜರ್ಮನರನ್ನು ಹಂಗಿಸುವ ಮಾತು, ಮತ್ತು ಆ ಸಂಗೀತಗಾರರಲ್ಲಿ ಅನೇಕರಿಗೆ ಅದು ಇಷ್ಟವಿರಲಿಲ್ಲ. ಒಮ್ಮೆ ಬಳಸಿ ವಿವರಿಸಿ, ಆಮೇಲೆ ಬಿಟ್ಟುಬಿಡಿ.

ಪರಿಷ್ಕರಿಸುವುದಾದರೆ ಐದಾರು ಪುಟಗಳು ಸಾಕು. ಎಂಟೂ ರಚನೆಗಳಿಗೆ ತಲಾ ಒಂದು ಪ್ಯಾರಾ ಹಂಚುವ ಸಮಾನತೆ ಬೇಡ. ‘ವಾಟುಸಿ’, ‘ಜೇರ್ ಕೋಸ್ಮಿಶ್’, ‘ಹೌಸ್‌ಮುಜೀಕ್’ ಮೂರರ ಮೇಲೆ ನಿಲ್ಲಿ, ‘ಡೀನೋ’ವನ್ನು ನೋಯ್ ತಂಡದ ನೇರ ಓಟದ ಲಯ ನೆನಪಿಸಲು ಬಳಸಿಕೊಳ್ಳಿ, ಉಳಿದವು ದಾರಿಯಲ್ಲಿ ಬಂದರೆ ಬರಲಿ. 1975ರ ಎರಡನೆಯ ಆಲ್ಬಂ ‘ಡಿಲಕ್ಸ್’ನಲ್ಲಿ ಮಾನಿ ನೋಯ್‌ಮಾಯರ್ ಡ್ರಮ್ಸ್ ನುಡಿಸಿದ್ದಾರೆ, ಅಲ್ಲಿ ಹಾಡುವ ದನಿಗಳೂ ಬರುತ್ತವೆ, ಅಂದರೆ ತಾಯಿಯವರು ಕೇಳಿದ ಹಾಡುವವರು ಒಂದು ವರ್ಷ ತಡವಾಗಿ ಬಂದೇ ಬಂದರು, ಮತ್ತು ಇದನ್ನು ನೀವು ಲೇಖನದಲ್ಲಿ ಉಪಯೋಗಿಸಿಕೊಂಡರೆ ನನ್ನದೇನೂ ಆಕ್ಷೇಪವಿಲ್ಲ. ಮೋಬಿಯುಸ್ ಹೆಸರು ನಿಮ್ಮಲ್ಲಿ ಮೂರು ಬಗೆಯಾಗಿದೆ, ಒಂದಕ್ಕೆ ತನ್ನಿ.

ಕೊನೆಯದಾಗಿ ಆ ಏಳನೆಯ ಪುಟ. ಅದನ್ನು ಮೊದಲ ಪುಟಕ್ಕೆ ತಂದುಕೊಳ್ಳಿ. ಅಲ್ಲಿ ನೀವು ‘ಗಾಯಕರ ಪ್ರವೇಶ ಯಾವಾಗ ಎಂದು ಮಾತೃಶ್ರೀಯವರು ವಿಚಾರಿಸಿದರು’ ಎಂದು ಬರೆದಿದ್ದೀರಿ. ಒಲೆಯ ಮುಂದೆ ನಿಂತವರು ಹಾಗೆ ಕೇಳಿರಲಾರರು. ಅವರು ಆಡಿದ ಮಾತನ್ನು, ಅವರ ಬಾಯಲ್ಲಿ ಹೇಗೆ ಬಂದಿತೋ ಹಾಗೆಯೇ ಬರೆದು ಕಳುಹಿಸಿ.

ಇಂತಿ,
ಸಂಪಾದಕ