ಬೊಂಬೆಯನ್ನಲ್ಲ, ಲೋಹವನ್ನು ವಿಚಾರಿಸಿ

ತುಮಕೂರಿನ ತಾಯಿಯೊಬ್ಬರು ನಮಗೆ ಬರೆದಿದ್ದಾರೆ. ಮೈಸೂರಿನಲ್ಲಿ ಪದವಿ ಓದುತ್ತಿರುವ ಅವರ ಮಗಳು ರಜೆಗೆ ಬಂದಾಗ ಹೊಕ್ಕುಳಲ್ಲಿ ಹಲೋ ಕಿಟ್ಟಿ ಎಂಬ ಬೆಕ್ಕಿನ ರೂಪದ ಜಪಾನಿ ಬೊಂಬೆ ತೂಗುವ ರಿಂಗು, ಬೆರಳಲ್ಲಿ ಮಿಕ್ಕಿ ಮೌಸ್ ಉಂಗುರ ತೊಟ್ಟಿದ್ದಳಂತೆ. "ಈ ವಯಸ್ಸಿನಲ್ಲಿ ಮಕ್ಕಳ ಬೊಂಬೆಯನ್ನು ಮೈಗೆ ಚುಚ್ಚಿಕೊಳ್ಳುವುದು ಯಾವ ಸಂಸ್ಕಾರ? ಪತ್ರಿಕೆ ಇದನ್ನು ಖಂಡಿಸಬೇಕು" ಎಂಬುದು ಅವರ ಒತ್ತಾಯ.

ಅಮ್ಮ, ನಿಮ್ಮ ಆತಂಕಕ್ಕೆ ಕಾರಣವಿಲ್ಲವೆಂದು ನಾನು ಹೇಳುವುದಿಲ್ಲ. ಕಿವಿಯ ಹಾಲೆಗೆ ಚುಚ್ಚಿದ ಗಾಯ ಆರೆಂಟು ವಾರಗಳಲ್ಲಿ ಮಾಯುತ್ತದೆ. ಹೊಕ್ಕುಳಿಗೆ ಆರು ತಿಂಗಳು, ಕೆಲವೊಮ್ಮೆ ವರ್ಷವೇ ಬೇಕು. ಅಲ್ಲಿಯವರೆಗೆ ತೂಗಾಡುವ ಬೊಂಬೆ ಬಟ್ಟೆಗೆ ಸಿಕ್ಕಿ ಗಾಯವನ್ನು ಎಳೆಯಬಹುದು. ಆದರೆ ಖಂಡಿಸಲು ನನಗೆ ಮನಸ್ಸಿಲ್ಲ.

ಪ್ರಾಣಿಯ ರೂಪವನ್ನು ಮೈಮೇಲೆ ಧರಿಸುವುದು ನಮಗೆ ಹೊಸತೇ? ತೋಳಿಗೆ ನಾಗಮುರಿಗೆ, ಜಡೆಗೆ ಜಡೆನಾಗರ, ಕೊರಳಿಗೆ ಗಂಡಭೇರುಂಡದ ಪದಕ ತೊಟ್ಟ ನಾಡು ಇದು. ಅಜ್ಜಿಯರು ಬುಗುಡಿ ಇಡುತ್ತಿದ್ದ ಕಿವಿಯ ಮೇಲಂಚನ್ನೇ ಇಂದಿನ ಹುಡುಗಿಯರು ಹೆಲಿಕ್ಸ್ ಎನ್ನುತ್ತಾರೆ. ಅಂದು ಚುಚ್ಚಿದ್ದೂ ಮೃದ್ವಸ್ಥಿಯನ್ನೇ, ನೋವೂ ಅಷ್ಟೇ.

ಇನ್ನು ಕಾರ್ಟೂನಿನ ಮಾತು. ಅಮೆರಿಕದ ಗಡಿಯಾರ ಕಂಪನಿ ಇಂಗರ್‌ಸಾಲ್ ಮಿಕ್ಕಿಯ ಕೈಗಳನ್ನೇ ಮುಳ್ಳುಗಳಾಗಿಸಿದ ಕೈಗಡಿಯಾರವನ್ನು ಮಾರುಕಟ್ಟೆಗೆ ತಂದದ್ದು 1933ರಲ್ಲಿ, ದೇಶವೇ ಆರ್ಥಿಕ ಮುಗ್ಗಟ್ಟಿನಲ್ಲಿ ನರಳುತ್ತಿದ್ದಾಗ. ಜಪಾನಿನಲ್ಲಿ ಶಿಂತಾರೊ ಸುಜಿ 1960ರಲ್ಲಿ ಕಟ್ಟಿದ ಕಂಪನಿ ಮೊದಲು ರೇಷ್ಮೆಯನ್ನು, ಆಮೇಲೆ ರಬ್ಬರ್ ಚಪ್ಪಲಿಯನ್ನು ಮಾರುತ್ತಿತ್ತು. ಚಪ್ಪಲಿಯ ಮೇಲೊಂದು ಹೂವು ಬರೆಸಿದೊಡನೆ ಮಾರಾಟ ಏರಿದ್ದನ್ನು ಅವರು ಗಮನಿಸಿದರು. ಅದೇ ಕಂಪನಿ ಸ್ಯಾನ್ರಿಯೊ ಎಂದು ಹೆಸರಾಯಿತು. ಅಲ್ಲಿ ಯುಕೊ ಶಿಮಿಜು ಎಂಬ ಕಲಾವಿದೆ 1974ರಲ್ಲಿ ರೂಪಿಸಿದ ಕಿಟ್ಟಿ, ಮರುವರ್ಷ 240 ಯೆನ್ನಿನ ಚಿಲ್ಲರೆ ಚೀಲದ ಮೇಲೆ ಮಕ್ಕಳ ಕೈ ಸೇರಿತು. ಆ ಮಕ್ಕಳು ಬೆಳೆದರು, ಆದರೆ ಕಿಟ್ಟಿಯನ್ನು ಬಿಡಲಿಲ್ಲ. ಎಳೆತನದಲ್ಲಿ ಪ್ರೀತಿಸಿದ್ದನ್ನು ದೊಡ್ಡವಳಾದ ಮೇಲೂ ಬಚ್ಚಿಡದೆ ತೊಡುವ ನಿಮ್ಮ ಮಗಳ ಧೈರ್ಯ ನನಗೆ ಮೆಚ್ಚುಗೆಯಾಗಿದೆ. ನೀವೂ ಅದನ್ನು ಮೆಚ್ಚಬೇಕೆಂದು ಬೇಡುತ್ತೇನೆ.

ನನ್ನ ಕೋಪವಿರುವುದು ಬೇರೆ ಕಡೆ. ಇಂಥ ಅಗ್ಗದ ಒಡವೆಯಲ್ಲಿ ಮೇಲಿನ ಹೊಳಪಿನ ಕೆಳಗೆ ಎಷ್ಟೋ ಸಲ ನಿಕ್ಕಲ್ ಎಂಬ ಲೋಹ ಇರುತ್ತದೆ. ಲೇಪ ಸವೆದಾಗ ಬೆವರು ಅದನ್ನು ಕರಗಿಸಿ, ತಾಳದವರ ಚರ್ಮದಲ್ಲಿ ತುರಿಕೆ, ಕೆಂಪು, ನೀರೊಸರುವ ಗುಳ್ಳೆ ಎಬ್ಬಿಸುತ್ತದೆ. ಈ ಅಲರ್ಜಿ ಒಮ್ಮೆ ಬಂದರೆ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ಐರೋಪ್ಯ ಒಕ್ಕೂಟ 1994ರಲ್ಲೇ ಇದಕ್ಕೆ ಕಡಿವಾಣ ಹಾಕಿತು. ಚುಚ್ಚಿದ ರಂಧ್ರದೊಳಗೆ ಹೋಗುವ ಕಡ್ಡಿಯಿಂದ ವಾರಕ್ಕೆ ಚದರ ಸೆಂಟಿಮೀಟರಿಗೆ 0.2 ಮೈಕ್ರೊಗ್ರಾಮಿಗಿಂತ ಕಡಿಮೆ ನಿಕ್ಕಲ್ ಮಾತ್ರ ಹೊರಬರಬಹುದೆಂಬುದು ಅಲ್ಲಿನ ಈಗಿನ ಮಿತಿ. ನಮ್ಮಲ್ಲಿ ಚಿನ್ನಕ್ಕೆ 2021ರಿಂದ ಹಾಲ್‌ಮಾರ್ಕ್ ಕಡ್ಡಾಯವಾಗುತ್ತ ಬಂದಿದೆ, ಏಕೆಂದರೆ ಚಿನ್ನವೆಂದರೆ ಹಣ. ಹುಡುಗಿಯೊಬ್ಬಳು ತನ್ನ ಕೈಖರ್ಚಿನಲ್ಲಿ ಕೊಳ್ಳುವ ಗಿಲೀಟಿನ ರಿಂಗಿನ ಪೊಟ್ಟಣದ ಮೇಲೆ ಬೊಂಬೆಯ ಚಿತ್ರ ದೊಡ್ಡದಾಗಿರುತ್ತದೆ, ಲೋಹದ ಹೆಸರು ಮಾತ್ರ ಹುಡುಕಿದರೂ ಸಿಗದು. ಮದುವೆಗೆಂದು ಗ್ರಾಂ ಲೆಕ್ಕದಲ್ಲಿ ಕೂಡಿಟ್ಟು ಲಾಕರಿನಲ್ಲಿ ಬೀಗ ಹಾಕಿದ್ದಕ್ಕೆ ಇರುವ ಗೌರವ, ಅವಳೇ ಆರಿಸಿ ದಿನವೂ ತೊಡುವುದಕ್ಕೆ ನಮ್ಮ ಮನೆಗಳಲ್ಲೂ ಇಲ್ಲ, ಕಾನೂನಿನಲ್ಲೂ ಇಲ್ಲ. ಇದು ನನ್ನನ್ನು ಬಹುಕಾಲದಿಂದ ನೋಯಿಸಿದೆ.

ಗಾಯ ಮಾಯುವವರೆಗೆ ಶಸ್ತ್ರಚಿಕಿತ್ಸೆಯಲ್ಲಿ ದೇಹದೊಳಗೆ ಕೂರಿಸಲು ಬಳಸುವ ದರ್ಜೆಯ, ಅದರ ಗುಣಮಟ್ಟದ ಗುರುತಾದ ಎಎಸ್‌ಟಿಎಂ ಎಫ್136 ಎಂದು ನಮೂದಿಸಿದ ಟೈಟೇನಿಯಮ್ಮಿನ ಸಾದಾ ಕಡ್ಡಿಯನ್ನು ಮಗಳಿಗೆ ನೀವೇ ಕೊಡಿಸಿ. ಕಿಟ್ಟಿ ಆಮೇಲೆ ಮರಳಲಿ. ರಿಂಗು ಮಾರಿದವರಿಗೆ ಅದರ ಲೋಹ ಯಾವುದೆಂದು ಕೇಳಿ ತಾಯಿ ಮಗಳಿಬ್ಬರೂ ಸಹಿ ಮಾಡಿ ಪತ್ರ ಬರೆಯಿರಿ. ಅವರ ಉತ್ತರವನ್ನು ನಮಗೆ ಕಳುಹಿಸಿದರೆ ಇದೇ ಪುಟದಲ್ಲಿ ಪ್ರಕಟಿಸುತ್ತೇವೆ.

— ಸಂಪಾದಕ