ಪ್ರೋಟೀನ್ ಸರಿಯಾದ ಆಕಾರಕ್ಕೆ ತಾನಾಗಿಯೇ ಹೇಗೆ ಮಡಚಿಕೊಳ್ಳುತ್ತದೆ?

ಪ್ರೋಟೀನ್ ಅಂದರೆ ಅಮೈನೋ ಆಮ್ಲಗಳೆಂಬ ಸಣ್ಣ ಅಣುಗಳು ಸಾಲಾಗಿ ಕೂಡಿದ ಸರಪಳಿ. ಮಡಚುವ ಸೂಚನೆ ಆ ಸಾಲಿನಲ್ಲೇ ಇರುತ್ತದೆ. 20 ಬಗೆಯ ಅಮೈನೋ ಆಮ್ಲಗಳು ಯಾವ ಕ್ರಮದಲ್ಲಿ ಕೂಡಿಕೊಂಡಿವೆ ಅನ್ನುವುದೇ ಮೊದಲ ಹಂತದ ರಚನೆ. ಸರಪಳಿಯ ಬೆನ್ನೆಲುಬಿನಲ್ಲಿ ಹೈಡ್ರೋಜನ್ ಬಂಧಗಳು ಎಂಬ ದುರ್ಬಲ ಸೆಳೆತಗಳು ಏರ್ಪಟ್ಟಾಗ ಆಲ್ಫಾ ಸುರುಳಿ, ಬೀಟಾ ಹಾಳೆಗಳು ಮೂಡುತ್ತವೆ. ಇದು ಎರಡನೆಯದು.

ನಿಜವಾದ ಸ್ವಾರಸ್ಯ ಇರುವುದು ಮೂರನೆಯ ಹಂತದಲ್ಲಿ. ಕೆಲವು ಅಮೈನೋ ಆಮ್ಲಗಳಿಗೆ ನೀರೆಂದರೆ ಆಗದು. ಅವು ಒಳಗೆ ಸೇರಿಕೊಳ್ಳುತ್ತವೆ, ನೀರಿಗೆ ಒಗ್ಗುವವು ಹೊರಗೆ ಉಳಿಯುತ್ತವೆ. ಮಡಚಿಕೊಳ್ಳಲು ಜಾಸ್ತಿ ಬಲ ಸಿಗುವುದು ಇದರಿಂದಲೇ. ಹೀಗೆ ಮಡಚಿದ ಹಲವು ಸರಪಳಿಗಳು ಜೊತೆಗೂಡಿದರೆ ನಾಲ್ಕನೆಯ ಹಂತ. ಹಿಮೋಗ್ಲೋಬಿನ್‌ನಲ್ಲಿ 4 ಸರಪಳಿಗಳಿವೆ. ಎಲ್ಲ ಪ್ರೋಟೀನ್‌ಗಳಿಗೂ ಈ ಹಂತ ಇರಲೇಬೇಕೆಂದಿಲ್ಲ.

ಸೂಚನೆ ಸಾಲಿನಲ್ಲೇ ಇದೆ ಅಂತ ಹೇಗೆ ಗೊತ್ತಾಯಿತು? ವಿಜ್ಞಾನಿ ಕ್ರಿಶ್ಚಿಯನ್ ಆನ್‌ಫಿನ್ಸನ್ ಅವರು ರೈಬೋನ್ಯೂಕ್ಲಿಯೇಸ್ ಎಂಬ ಕಿಣ್ವದ ಮಡಿಕೆಯನ್ನು ಯೂರಿಯಾದಲ್ಲಿ ಬಿಡಿಸಿ, ಇನ್ನೊಂದು ರಾಸಾಯನಿಕದಿಂದ ಅದರ ಗಂಧಕದ ಬಂಧಗಳನ್ನೂ ಮುರಿದರು. ಆ ರಾಸಾಯನಿಕಗಳನ್ನು ತೆಗೆದಾಗ ಅದು ತಾನೇ ಮತ್ತೆ ಮಡಚಿಕೊಂಡು ಕೆಲಸ ಶುರುಮಾಡಿತು! ಎಷ್ಟು ಸೊಗಸಾದ ಪ್ರಯೋಗ ಅಲ್ವಾ? 1972ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಅವರಿಗೂ ಪಾಲು ಸಿಕ್ಕಿತು.

ಆದರೆ ಜೀವಕೋಶದೊಳಗೆ ಬಹಳ ದಟ್ಟಣೆ. ಅರ್ಧ ಮಡಚಿದ ಸರಪಳಿಗಳು ಒಂದಕ್ಕೊಂದು ಅಂಟಿಕೊಂಡು ಕೆಡದಂತೆ ಚಾಪರೋನ್ ಎಂಬ ಬೇರೆ ಪ್ರೋಟೀನ್‌ಗಳು ನೋಡಿಕೊಳ್ಳುತ್ತವೆ.