ಕಣ್ಣು ಮಂಜಾಗುತ್ತಿದೆ ಅಂತ ವರದಿಗಾರಿಕೆ ಬಿಡಬೇಡಿ

ಹಾಸನದಲ್ಲಿ ವರದಿಗಾರನಾಗಿದ್ದೇನೆ, ದೃಷ್ಟಿ ಹೋಗುತ್ತಿದೆ, ಕೆಲಸ ಬಿಡಬೇಕಾ ಅಂತ ಕೇಳಿದ್ದೀರಿ. ಬಿಡಬೇಡಿ ಸರ್. ನಾನು ಚಿಕ್ಕಮಗಳೂರಲ್ಲಿ ಇದೇ ಕೆಲಸದಲ್ಲಿದ್ದೇನೆ. ನನಗೀಗ ಬೆಳಕು, ನೆರಳು ಬಿಟ್ಟು ಬೇರೇನೂ ಕಾಣುವುದಿಲ್ಲ.

ಬಿಬಿಸಿಯ ವರದಿಗಾರ ಗ್ಯಾರಿ ಓಡೊನಹ್ಯೂ ಅವರಿಗೆ ಎಂಟನೇ ವಯಸ್ಸಿನಿಂದ ಕಣ್ಣು ಕಾಣದು. 2024ರ ಜುಲೈನಲ್ಲಿ ಟ್ರಂಪ್ ಮೇಲೆ ಗುಂಡು ಹಾರಿದ ದಿನ ಅವರು ಅಲ್ಲೇ ಇದ್ದು, ಕಣ್ಣಾರೆ ಕಂಡವನೊಬ್ಬನನ್ನು ಮಾತನಾಡಿಸಿದರು. ಕಂಡವರನ್ನು ಸರಿಯಾಗಿ ಕೇಳುವುದೇ ಅಲ್ವಾ ನಮ್ಮ ಕೆಲಸ?

ಕಂಪ್ಯೂಟರಿಗೆ ಎನ್‌ವಿಡಿಎ ಹಾಕಿಸಿ, ಪರದೆ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ ಅದು. ದುಡ್ಡು ಕೊಡಬೇಕಿಲ್ಲ, ಕನ್ನಡವನ್ನೂ ಓದುತ್ತದೆ. ತೊಡಕು ಒಂದೇ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು ಅದಕ್ಕೆ ಅರ್ಥವಾಗುವುದಿಲ್ಲ, ಏನೇನೋ ಇಂಗ್ಲಿಷ್ ಅಕ್ಷರ ಒದರುತ್ತದೆ. ಅದನ್ನು ಯೂನಿಕೋಡಿಗೆ, ಅಂದರೆ ಕಂಪ್ಯೂಟರು ಕನ್ನಡವನ್ನು ಕನ್ನಡವೆಂದೇ ಗುರುತಿಸುವ ಅಕ್ಷರ ಪದ್ಧತಿಗೆ, ಬದಲಾಯಿಸಿಕೊಳ್ಳಬೇಕು. ಪ್ರೆಸ್ ನೋಟ್ ಕಳಿಸುವವರಿಗೂ ಯೂನಿಕೋಡಲ್ಲೇ ಕೊಡಿ ಅಂತ ಹೇಳಿಡಿ.

ಸ್ಥಳಕ್ಕೆ ಹೋಗುವುದನ್ನು ಮಾತ್ರ ನಿಲ್ಲಿಸಬೇಡಿ. ಕಾಫಿ ತೋಟಕ್ಕೆ ಆನೆ ನುಗ್ಗಿದ ಸುದ್ದಿಗೆ ಹೋದರೆ ನಾನು ಮುರಿದ ಗಿಡ ಮುಟ್ಟುತ್ತೇನೆ, ಹೆಜ್ಜೆಯ ಗುಂಡಿ ಎಷ್ಟು ಆಳ ಅಂತ ಗೇಣು ಹಾಕಿ ಅಳೆಯುತ್ತೇನೆ.

ಸಂಪಾದಕರಿಗೆ ಈಗಲೇ ಹೇಳಿಬಿಡಿ. ನಾನು ಎರಡು ವರ್ಷ ಮುಚ್ಚಿಟ್ಟೆ. ಕಣ್ಣಿಗಿಂತ ಅದೇ ಜಾಸ್ತಿ ಕಷ್ಟ ಕೊಟ್ಟಿತು.